ಕ್ರಿಮಿನಾಲಜಿ ಓದಿ ಪಿಎಸ್‌ಐ ಆದೆ: ಕಾಲೇಜಿನ ಪಾಠ ಸ್ಟೇಷನ್‌ನಲ್ಲಿ ಎಲ್ಲಿ ಕೆಲಸಕ್ಕೆ ಬಂತು

ಪೊಲೀಸ್ ಆಗಬೇಕು, ಬಿಎಯಲ್ಲಿ ಕ್ರಿಮಿನಾಲಜಿ (ಅಪರಾಧ ಶಾಸ್ತ್ರ) ತಗೊಳ್ಳಲಾ ಅಂತ ದಾವಣಗೆರೆ ಕಡೆಯ ಹುಡುಗ ಹುಡುಗಿಯರು ನನ್ನನ್ನು ಕೇಳುತ್ತಲೇ ಇರುತ್ತಾರೆ. ತಗೊಳ್ಳಿ. ಆದರೆ ಒಂದು ಮಾತು ಮೊದಲೇ ಗೊತ್ತಿರಲಿ. ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ, ಸಿವಿಲ್ ಕಾನ್‌ಸ್ಟೆಬಲ್‌ಗೆ ಪಿಯುಸಿ ಸಾಕು. ಕ್ರಿಮಿನಾಲಜಿ ಓದಿದವರಿಗೆ ಅಂತ ಬೇರೆ ಮೀಸಲಾತಿ ಇಲ್ಲ. ಅದರ ನಿಜವಾದ ಉಪಯೋಗ ಶುರುವಾಗುವುದು ಕೆಲಸ ಸಿಕ್ಕ ಮೇಲೆ, ಕೈಯಲ್ಲಿ ಪೆನ್ನು ಹಿಡಿದು ಮಹಜರು, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಸಾಕ್ಷಿಗಳೆದುರು ದಾಖಲಿಸುವ ಪತ್ರ, ಬರೆಯಲು ಕೂತಾಗ.

ಕಾಲೇಜಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಬೆರಳಚ್ಚಿನ ಪ್ರಾಕ್ಟಿಕಲ್. ಸ್ಟೀಲ್ ಲೋಟದ ಮೇಲೆ ಕಪ್ಪು ಪುಡಿಯನ್ನು ಬ್ರಷ್‌ನಿಂದ ಹಗುರವಾಗಿ ಸವರಬೇಕು. ಸ್ವಲ್ಪ ಜಾಸ್ತಿ ಒತ್ತಿದರೂ ಗೆರೆಗಳು ಅಳಿಸಿಹೋಗುತ್ತವೆ. ಗೆರೆ ಕಂಡ ಮೇಲೆ ಟೇಪ್ ಹಚ್ಚಿ ಎತ್ತಿ ಬಿಳಿ ಕಾರ್ಡಿಗೆ ಅಂಟಿಸಬೇಕು. ಆಮೇಲೆ ಲೆನ್ಸ್ ಹಿಡಿದು ಗೆರೆಗಳ ವಿನ್ಯಾಸ ಲೂಪಾ (ಕುಣಿಕೆ), ವರ್ಲಾ (ಸುರುಳಿ), ಆರ್ಚಾ (ಕಮಾನು) ಅಂತ ನೋಡಬೇಕು. ಬೆರಳಚ್ಚು ವಿಂಗಡಿಸುವ ಪದ್ಧತಿ ರೂಪಿಸುವುದರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ನಮ್ಮ ದೇಶದ ಇಬ್ಬರು ಪೊಲೀಸರ ದುಡಿಮೆ ಇದೆ, 1897ರಲ್ಲೇ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ ಶುರುವಾಗಿತ್ತು ಅಂತ ಮೇಡಂ ಹೇಳಿದಾಗ ನನಗೆ ನಿಜಕ್ಕೂ ಹೆಮ್ಮೆಯಾಗಿತ್ತು.

ಪುಸ್ತಕ ಎಷ್ಟೇ ಓದಿದರೂ ಕೋರ್ಟ್ ನೋಡದೆ ಇದು ತಲೆಗೆ ಹತ್ತುವುದಿಲ್ಲ. ಬಿಡುವಾದಾಗಲೆಲ್ಲ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಅಲ್ಲಿ ಒಬ್ಬ ಪಂಚ (ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದವನು) ಸಾಕ್ಷಿ ಕಟ್ಟೆ ಹತ್ತಿ, "ಪೊಲೀಸರು ಸ್ಟೇಷನ್ನಿಗೆ ಕರೆಸಿ ಸಹಿ ಹಾಕಿಸ್ಕೊಂಡ್ರು ಸ್ವಾಮಿ, ಅದರಲ್ಲಿ ಏನ್ ಬರ್ದಿತ್ತೋ ನಂಗೊತ್ತಿಲ್ಲ" ಅಂದುಬಿಟ್ಟ. ಹಾಸ್ಟೈಲ್, ಅಂದರೆ ಸಾಕ್ಷಿ ತಿರುಗಿಬಿದ್ದ. ಆಮೇಲೆ ತನಿಖಾಧಿಕಾರಿಯ ಸರದಿ. ಬಾಗಿಲು ಒಳಕ್ಕೆ ತೆರೆಯುತ್ತಿತ್ತೋ ಹೊರಕ್ಕೋ, ಆ ಹೊತ್ತಿನಲ್ಲಿ ಬೀದಿ ದೀಪ ಇತ್ತಾ ಅಂತ ಆರೋಪಿ ಪರ ವಕೀಲರು ಒಂದೊಂದೇ ಕೇಳುತ್ತಾ ಹೋದರು. ಮಹಜರಿನಲ್ಲಿ ಅದ್ಯಾವುದೂ ಇರಲಿಲ್ಲ. ವರ್ಷಗಳ ಹಿಂದಿನ ಒಂದು ಬಾಗಿಲನ್ನು ಯಾರು ತಾನೇ ನೆನಪಿಟ್ಟುಕೊಂಡಿರುತ್ತಾರೆ?

ಈಗ ಕಳ್ಳತನದ ಜಾಗಕ್ಕೆ ಹೋದರೆ "ಬೀಗ ಮುರಿದಿತ್ತು" ಅಂತ ಸುಮ್ನೆ ಬರೆದು ಮುಗಿಸುವುದಿಲ್ಲ. ಬೀಗದ ಕೊಂಡಿ ತುಂಡಾಗಿದೆಯಾ, ಅಥವಾ ಬೀಗ ಹಾಗೇ ಇದ್ದು ಚಿಲಕದ ಸ್ಕ್ರೂ ಕಿತ್ತಿದೆಯಾ? ಕೊಂಡಿಯಾದರೆ ಕಟ್ಟರ್ ಬಳಸಿರಬಹುದು, ಸ್ಕ್ರೂ ಆದರೆ ರಾಡ್ ಹಾಕಿ ಮೀಟಿರಬಹುದು. ಬೀರು ಬಾಗಿಲಿನಿಂದ ಎಷ್ಟು ಅಡಿ ದೂರ, ಬೆಳಕು ಎಲ್ಲಿಂದ, ಮನೆಯ ಚೆಕ್ಕುಬಂದಿ (ನಾಲ್ಕೂ ದಿಕ್ಕಿಗೆ ಏನಿದೆ ಅನ್ನುವುದು) ಏನು, ಎಲ್ಲವನ್ನೂ ಅಲ್ಲೇ ನಿಂತು ಬರೆಸಿ, ಪಂಚರಿಗೆ ಓದಿ ಹೇಳಿ, ಅಲ್ಲೇ ಸಹಿ ಹಾಕಿಸುತ್ತೇನೆ. ಮುದ್ದೆಮಾಲನ್ನು (ಜಪ್ತಿ ಮಾಡಿದ ವಸ್ತುವನ್ನು) ಅವರೆದುರೇ ಬಟ್ಟೆಯಲ್ಲಿ ಸುತ್ತಿ ಅರಗಿನ ಸೀಲ್ ಹಾಕುವುದು. "ಮೇಡಂ, ಹೊತ್ತಾಯ್ತು, ಸ್ಟೇಷನ್‌ನಲ್ಲಿ ಕೂತು ಬರೆಯೋಣ" ಅಂತ ಸಿಬ್ಬಂದಿ ಹೇಳಿದರೂ ಇದೊಂದರಲ್ಲಿ ನಾನು ಬಗ್ಗುವುದಿಲ್ಲ.

ಪಾಠದಲ್ಲಿ ಓದಿದ್ದು ನಮ್ಮ ಜಿಲ್ಲೆಯಲ್ಲೇ ಕಣ್ಣೆದುರು ಬಂದದ್ದು ನ್ಯಾಮತಿಯ ಎಸ್‌ಬಿಐ ಪ್ರಕರಣದಲ್ಲಿ. 2024ರ ಅಕ್ಟೋಬರ್‌ನಲ್ಲಿ 17 ಕೆಜಿಗೂ ಜಾಸ್ತಿ ಬಂಗಾರ ಕಳವಾಯಿತು. ಕಳ್ಳರು ಸಿಸಿಟಿವಿಯ ದೃಶ್ಯ ಉಳಿಸುವ ಡಿವಿಆರ್ ಪೆಟ್ಟಿಗೆ ಹೊತ್ತೊಯ್ದಿದ್ದರು, ಪೊಲೀಸ್ ನಾಯಿಗೆ ವಾಸನೆ ಸಿಗದ ಹಾಗೆ ಖಾರದ ಪುಡಿ ಚೆಲ್ಲಿದ್ದರು. ಹೀಗಿದ್ದೂ ತಿಂಗಳುಗಟ್ಟಲೆ ಬೆನ್ನುಹತ್ತಿದ ದಾವಣಗೆರೆ ಪೊಲೀಸರು 2025ರಲ್ಲಿ ತಮಿಳುನಾಡಿನ ಒಂದು ಬಾವಿಯಿಂದ ಆ ಬಂಗಾರದ ಬಹುಪಾಲನ್ನು ಮೇಲೆತ್ತಿಸಿದರು. ಕ್ಯಾಮೆರಾ ಇಲ್ಲದಿದ್ದರೂ, ನಾಯಿ ನಿಂತುಬಿಟ್ಟರೂ ತನಿಖೆ ನಿಲ್ಲಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಾ? ಇನ್ನೊಂದು ವಿಷಯ. ನಾಯಿ ಆರೋಪಿಯ ಮನೆ ಮುಂದೆಯೇ ಹೋಗಿ ನಿಂತರೂ ಅದೊಂದನ್ನೇ ನಂಬಿ ಕೋರ್ಟ್ ಶಿಕ್ಷೆ ಕೊಡುವುದಿಲ್ಲ. ನಾಯಿ ತೋರಿಸುವುದು ದಾರಿ ಮಾತ್ರ, ಸಾಕ್ಷ್ಯವನ್ನು ನಾವೇ ಹುಡುಕಬೇಕು.

ನಾನು ಓದಿದ್ದು ಐಪಿಸಿ, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಬಂತು. ಕೊಲೆಯ ಕಲಂ 302 ಹೋಗಿ 103 ಆಯಿತು, ವಂಚನೆಯ 420 ಈಗ 318, ತನಿಖೆ, ವಿಚಾರಣೆಯ ವಿಧಾನ ಹೇಳುವ ಸಿಆರ್‌ಪಿಸಿಯಲ್ಲಿ ಎಫ್‌ಐಆರ್‌ಗೆ ಇದ್ದ 154 ಈಗ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173. ಬರೀ ನಂಬರ್ ಉರುಹೊಡೆದವರು ಮತ್ತೆ ಮೊದಲಿಂದ ಶುರುಮಾಡಬೇಕಾಯಿತು. ನಮಗೆ ಪಾಠ ಮಾಡಿದವರು ಅಪರಾಧದ ಅಂಶಗಳನ್ನು ಬಿಡಿಸಿ ಕಲಿಸಿದ್ದರು. ಕಳ್ಳತನ ಅಂದರೆ ಚರ ಸ್ವತ್ತಾಗಿರಬೇಕು, ಇನ್ನೊಬ್ಬರ ಸ್ವಾಧೀನದಲ್ಲಿರಬೇಕು, ಅವರ ಒಪ್ಪಿಗೆ ಇರಬಾರದು, ಅಪ್ರಾಮಾಣಿಕ ಉದ್ದೇಶ ಇರಬೇಕು, ವಸ್ತುವನ್ನು ಅಲ್ಲಿಂದ ಕದಲಿಸಿರಬೇಕು. ನಂಬರ್ ಬದಲಾದರೂ ಈ ಐದು ಹಾಗೇ ಇವೆ. ದೂರು ಓದುವಾಗ ಈಗಲೂ ಇವನ್ನೇ ಒಂದೊಂದಾಗಿ ಹುಡುಕುತ್ತೇನೆ.

ಪಿಎಸ್‌ಐ ಪರೀಕ್ಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕೋಚಿಂಗ್‌ನವರು ಹೇಳುತ್ತಾರೆ. ಮೊದಲ ಪೇಪರ್ 50 ಅಂಕಕ್ಕೆ, ಪ್ರಬಂಧ, ಸಾರಾಂಶ, ಭಾಷಾಂತರ. ಕಾಲೇಜಿನಲ್ಲಿ ಕೇಸ್ ಸ್ಟಡಿ ಬರೆದು ಬರೆದು ಕೈ ಪಳಗಿದ್ದರಿಂದ ನನಗೆ ಅದು ಭಾರವಾಗಲಿಲ್ಲ. ದೈಹಿಕ ಪರೀಕ್ಷೆಯಲ್ಲಿ ಹುಡುಗಿಯರಿಗೆ 400 ಮೀಟರ್ ಓಟ 2 ನಿಮಿಷದಲ್ಲಿ, ಅದು ಕಷ್ಟವಲ್ಲ. 4 ಕೆಜಿ ಗುಂಡನ್ನು 3.75 ಮೀಟರ್ ಎಸೆಯುವುದಕ್ಕೆ ಮಾತ್ರ ಮೊದಲ ವರ್ಷದಿಂದಲೇ ಅಭ್ಯಾಸ ಮಾಡಿ, ಕೊನೆಯ ತಿಂಗಳಿಗೆ ಬಿಡಬೇಡಿ.

ಈಗ ಓದುತ್ತಿರುವವರು ಇನ್ನೊಂದನ್ನು ಕಲಿಯಲೇಬೇಕು. ಬಿಎನ್‌ಎಸ್‌ಎಸ್ 105ರ ಪ್ರಕಾರ ಶೋಧ, ಜಪ್ತಿ ಎಲ್ಲವನ್ನೂ ವಿಡಿಯೋ ಮಾಡಬೇಕು, ಮೊಬೈಲ್‌ನಲ್ಲಾದರೂ ಸರಿ. ಗೆಳತಿಯರನ್ನೇ ಪಂಚರನ್ನಾಗಿ ಮಾಡಿಕೊಂಡು ಹಾಸ್ಟೆಲ್ ರೂಮಿನಲ್ಲಿ ಅಭ್ಯಾಸ ಮಾಡಿ. ಬಾಗಿಲ ಹೊರಗೇ ನಿಂತು ದಿನ, ವೇಳೆ, ಜಾಗ ಹೇಳಿ ರೆಕಾರ್ಡಿಂಗ್ ಶುರುಮಾಡಿ. ಪಂಚರ ಮುಖ ಕಾಣಲಿ. ವಸ್ತು ಸಿಕ್ಕ ಜಾಗವನ್ನು ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ ತೋರಿಸಿ. ಪಟ್ಟಿ ಬರೆದು ಸಹಿ ಹಾಕುವ ತನಕ ಕ್ಯಾಮೆರಾ ಆಫ್ ಮಾಡಬೇಡಿ.