ಯಾರು ಫಾದರ್ ಆಗ್ತೀರಿ ಅಂತ ಕೇಳೋದು ಬಿಟ್ಟೆ

ನಮ್ಮ ಧರ್ಮಕೇಂದ್ರ, ಅಂದರೆ ನಮ್ಮ ಕಥೋಲಿಕ ಚರ್ಚು, ಕನಕಪುರದ ಕಡೆಯದು. ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡೋದು ನನ್ನ ಕೆಲಸ. ಶುರು ಮಾಡಿ 19 ವರ್ಷ ಆಯ್ತು. ಸಂಬಳ ಇಲ್ಲ, ಊರಹಬ್ಬಕ್ಕೆ ಒಂದು ಸೀರೆ ಕೊಡ್ತಾರೆ.

ಪಾಸ್ಖ (ಈಸ್ಟರ್) ಕಾಲದ ನಾಲ್ಕನೇ ಭಾನುವಾರ ಒಳ್ಳೆಯ ಕುರಿಗಾಹಿಯ ಶುಭಸಂದೇಶ ಓದುತ್ತಾರೆ. ಆ ದಿನ ದೈವಕರೆಗಾಗಿ, ಅಂದರೆ ಫಾದರ್ ಇಲ್ಲವೆ ಸಿಸ್ಟರ್ ಆಗಲು ದೇವರಿಂದ ಬರುವ ಕರೆಗಾಗಿ, ಲೋಕವೆಲ್ಲ ಪ್ರಾರ್ಥಿಸಬೇಕು ಅಂತ ಪೋಪ್ ಆರನೇ ಪೌಲರು ಶುರು ಮಾಡಿದ್ದು 1964ರಲ್ಲಿ. ನಾನು ಟೀಚರಾದ ಮೊದಲ ವರ್ಷ ಅದನ್ನು ಜೋರಾಗಿಯೇ ಮಾಡಿದೆ. ಭಾಷಣ ಸ್ಪರ್ಧೆ, ಚಿತ್ರ ಸ್ಪರ್ಧೆ ಎಲ್ಲ ಇಟ್ಟೆ. ಕೊನೆಗೆ, "ಯಾರ್ಯಾರು ಫಾದರ್ ಆಗ್ತೀರಿ, ಯಾರ್ಯಾರು ಸಿಸ್ಟರ್ ಆಗ್ತೀರಿ, ಕೈ ಎತ್ತಿ" ಅಂದೆ. 14 ಕೈ ಮೇಲೆದ್ದವು. ಫಾದರ್‌ಗೆ ಖುಷಿಯೋ ಖುಷಿ. ಹೆಸರು ಬರೆದುಕೊಂಡೆವು. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿರುವ ಒಬ್ಬರೂ ಆ ದಾರಿ ಹಿಡಿಯಲಿಲ್ಲ. ಬಹುಮಾನಕ್ಕೆ ಇಟ್ಟಿದ್ದ ಪೆನ್ನು ನೋಡಿ ಕೈ ಎತ್ತಿದ್ದರು ಅಂತ ಆಮೇಲೆ ಗೊತ್ತಾಯ್ತು!

ನನಗಿಂತ ಜೋರಾಗಿ ಮಾಡುವವರೂ ಬಂದರು. ಒಂದು ಕ್ರೈಸ್ತ ಮಠದವರು ಬಂದು ದೊಡ್ಡ ಕಟ್ಟಡದ ಫೋಟೋ ತೋರಿಸಿದರು. ಇಂಗ್ಲಿಷ್ ಕಲಿಸ್ತೀವಿ, ಕಂಪ್ಯೂಟರ್ ಇದೆ, ಓದಿಸೋ ಖರ್ಚು ನಮ್ಮದೇ ಅಂದರು. ಸುಳ್ಳೇನಲ್ಲ. ಆದರೆ ಅಲ್ಲೇ ಕೂತಿದ್ದ ಒಬ್ಬ ತಾಯಿ ನನ್ನ ಕಿವಿಯಲ್ಲಿ, "ಅಕ್ಕಾ, ಇದು ಹಾಸ್ಟೆಲ್ಲಾ, ಮಠಾನಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾರೋಬೆಲೆ ನಮಗೆ ದೂರವಲ್ಲ. ಅಲ್ಲಿಂದ ಗುರುಗಳಾಗಿ (ಫಾದರ್ ಆಗಿ), ಕನ್ಯಾಸ್ತ್ರೀಯರಾಗಿ ಹೋದವರು ಬಹಳ ಮಂದಿ. ಈಸ್ಟರ್ ಹಬ್ಬದ ಮುಂಚಿನ ತಪಸ್ಸುಕಾಲದಲ್ಲಿ ಒಮ್ಮೆ ಆ ಊರಿನ ಕಪಾಲಬೆಟ್ಟ ಹತ್ತುವಾಗ ಜೊತೆಗೆ ಬಂದ ಅಲ್ಲಿನ ಅಜ್ಜಿಯೊಬ್ಬರನ್ನು ಕೇಳಿದೆ, "ನೀವು ಮಕ್ಕಳಿಗೆ ಏನು ಹೇಳಿಕೊಡ್ತೀರಿ?" ಅಜ್ಜಿ ನಕ್ಕರು. "ಏನೂ ಇಲ್ಲ ಕಣಮ್ಮ. ಸಾಯಂಕಾಲ ಜಪಸರ. ಯಾರಾದ್ರೂ ಹುಷಾರಿಲ್ದೆ ಮಲಗಿದ್ರೆ ಅವರ ಮನೆಗೆ ಗಂಜಿ ಕಳಿಸ್ತೀವಿ, ಮಕ್ಕಳ ಕೈಲೇ." ಅಷ್ಟೇ ಹೇಳಿ ಮುಂದೆ ಹೋದರು. ನನಗೆ ಹಿಡಿಸಿದ್ದು ಆ ಕೊನೆಯ ಮಾತು.

ಮುಂದಿನ ತಿಂಗಳಿಂದ ಒಂದೇ ಒಂದು ಬದಲಾವಣೆ ಮಾಡಿದೆ. ಮೊದಲ ಶುಕ್ರವಾರ ಫಾದರ್ ಹಾಸಿಗೆ ಹಿಡಿದವರಿಗೆ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಕೊಡಲು ಹೋಗುತ್ತಾರೆ. ಅವರ ಜೊತೆ ಇಬ್ಬಿಬ್ಬರು ಮಕ್ಕಳು. ಒಬ್ಬರ ಕೈಯಲ್ಲಿ ಮೇಣದಬತ್ತಿ, ಇನ್ನೊಬ್ಬರ ಕೈಯಲ್ಲಿ ಗಂಟೆ. ಹಿಂದೆ ನಾನು. ಉಪದೇಶ ಇಲ್ಲ, ದೈವಕರೆ ಅನ್ನೋ ಪದವೇ ಇಲ್ಲ.

ಒಂದು ಮನೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಶೀಟಿನ ಮನೆ, ಮೂಲೆಯಲ್ಲಿ ರೇಷ್ಮೆ ಹುಳದ ತಟ್ಟೆಗಳು, ಹಿಪ್ಪುನೇರಳೆ ಸೊಪ್ಪಿನ ವಾಸನೆ. ಚಾಪೆ ಮೇಲೆ ಅಜ್ಜಿ. ಮೇಣದಬತ್ತಿ ಗಾಳಿಗೆ ಎರಡು ಸಲ ಆರಿಹೋಯ್ತು. ಮೂರನೇ ಸಲ ಹುಡುಗ ಅಂಗೈ ಅಡ್ಡ ಹಿಡಿದು ನಿಂತ. ಯೇಸು ಕಲಿಸಿದ ಪರಲೋಕ ಮಂತ್ರದ ಅರ್ಧಕ್ಕೆ ಅಜ್ಜಿಗೆ ಮಾತು ಮರೆತುಹೋಯ್ತು. ಫಾದರ್ ಸುಮ್ಮನೆ ಕಾದರು. ಅಜ್ಜಿ ಮತ್ತೆ ಮೊದಲಿಂದ ಶುರು ಮಾಡಿದರು. ದಾರಿಯಲ್ಲಿ ಹುಡುಗ ಕೇಳಿದ, "ಟೀಚರ್, ಅಜ್ಜಿಗೆ ನೀರು ತಂದುಕೊಡೋರು ಯಾರು?" ನನಗೆ ಗೊತ್ತಿರಲಿಲ್ಲ. ಮರುದಿನದಿಂದ ಅವನೇ ಎರಡು ಬಿಂದಿಗೆ ತಂದಿಡತೊಡಗಿದ. ಅವನು ಫಾದರ್ ಆಗಲಿಲ್ಲ. ಈಗ ಟೆಂಪೋ ಓಡಿಸ್ತಾನೆ, ಆಸ್ಪತ್ರೆಗೆ ಹೋಗುವವರ ಹತ್ತಿರ ಬಾಡಿಗೆ ತಗೊಳ್ಳಲ್ಲ. ನನ್ನ ಲೆಕ್ಕದಲ್ಲಿ ಅದೂ ದೈವಕರೆಯೇ. ಯಾರು ಏನಾದ್ರೂ ಅನ್ನಲಿ.

ಆ ದಿನ ಗಂಟೆ ಹಿಡಿದಿದ್ದ ಹುಡುಗಿ ಮಾತ್ರ ಏನೂ ಕೇಳಲಿಲ್ಲ. ನಾಲ್ಕು ವರ್ಷ ಅದೇ ಮೌನ. ಪಿಯುಸಿ ಮುಗಿದ ಮೇಲೆ ಒಂದು ಸಂಜೆ ಮನೆಗೆ ಬಂದು, "ನಾನು ಸಿಸ್ಟರ್ ಆಗ್ಬೇಕು ಅಂತಿದೀನಿ, ಅಮ್ಮನಿಗೆ ನೀವು ಹೇಳಿ" ಅಂದಳು. ನಾನು ಹೇಳಲಿಲ್ಲ. "ನೀನೇ ಹೇಳು, ನಾನು ಪಕ್ಕದಲ್ಲಿ ಕೂತಿರ್ತೀನಿ" ಅಂದೆ. ತಾಯಿ ಅತ್ತಳು. ಆಮೇಲೆ ಅವಳೇ ಅಂದದ್ದು: "ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು ಅಲ್ವಾ ಅಕ್ಕ? ಇವಳು ಸುಮ್ನೆ ಇದ್ದಾಗ ನಾನೂ ಕೆದಕಲಿಲ್ಲ." ರೇಷ್ಮೆ ಸಾಕುವವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಹುಳ ಪೊರೆ ಬಿಡೋಕೆ ಮುಂಚೆ ಮೇವು ಬಿಟ್ಟು ಅಲ್ಲಾಡದೆ ಇರೋದನ್ನೇ ಜ್ವರ ಅನ್ನೋದು.

ಇನ್ನೊಂದು ಕಲಿತದ್ದು, ದಾರಿ ಎಷ್ಟು ಉದ್ದ ಅಂತ ಮೊದಲೇ ಹೇಳಿಬಿಡೋದು. ಫಾದರ್ ಆಗುವ ದೀಕ್ಷೆಗೆ, ಅಂದರೆ ಗುರುದೀಕ್ಷೆಗೆ, ಕನಿಷ್ಠ 25 ವರ್ಷ ತುಂಬಿರಬೇಕು. ಕಿರಿಯ ಗುರುಮಠ (ಫಾದರ್ ಆಗುವವರು ಓದುವ ಸೆಮಿನರಿ), ತತ್ವಶಾಸ್ತ್ರ, ನಡುವೆ ಧರ್ಮಕೇಂದ್ರದಲ್ಲಿ ಸೇವೆ, ಆಮೇಲೆ ದೈವಶಾಸ್ತ್ರ, ಎಲ್ಲ ಸೇರಿ ಹತ್ತು ವರ್ಷದ ಮೇಲೇ ಆಗುತ್ತೆ. ಹೆಣ್ಣುಮಕ್ಕಳು ಮೊದಲ ವ್ರತ ತೆಗೆದುಕೊಂಡ ಮೇಲೂ ಕನಿಷ್ಠ ಮೂರು ವರ್ಷ ಕಾದು ಕೊನೆಯ ವ್ರತ. ಒತ್ತಾಯದಿಂದ ಯಾರಿಗೂ ಗುರುದೀಕ್ಷೆ ಕೊಡುವಂತಿಲ್ಲ ಅಂತ ಧರ್ಮಸಭೆಯ ಕಾನೂನೇ ಹೇಳುತ್ತೆ. ಇದನ್ನೆಲ್ಲ ಅಪ್ಪ ಅಮ್ಮನ ಮುಂದೆಯೇ ಹೇಳ್ತೀನಿ. ಮಕ್ಕಳನ್ನು ಹೆದರಿಸ್ತೀಯಾ ಅಂತ ಒಬ್ಬರು ಬೈದದ್ದೂ ಉಂಟು.

ಬೈಬಲ್ಲಿನ ಏಲಿ ನನಗೆ ಇಷ್ಟ, ಹುಡುಗ ಸಮುವೇಲ ಸೇವೆಗಿದ್ದ ಮುದಿ ಯಾಜಕ. ದೇವರು ಕರೆದಾಗಲೆಲ್ಲ ಸಮುವೇಲ ಇವನ ಹತ್ತಿರ ಓಡಿ ಬರ್ತಾನೆ. ಮೊದಲೆರಡು ಸಲ ಏಲಿ, ನಾನು ಕರೀಲಿಲ್ಲ, ಹೋಗಿ ಮಲಕ್ಕೋ ಅಂತಾನೆ. ಮೂರನೇ ಸಲಕ್ಕೆ ತಾನೇ ಅವನಿಗೂ ಅರ್ಥವಾದದ್ದು?

ಎಲ್ಲಕ್ಕಿಂತ ಕಷ್ಟ ಅನ್ನಿಸಿದ್ದು ವಾಪಸ್ ಬಂದವರ ವಿಷಯ. ನಮ್ಮ ಹುಡುಗನೊಬ್ಬ ಗುರುಮಠದಲ್ಲಿ ಮೂರು ವರ್ಷ ಇದ್ದು, ಇದು ನನ್ನ ದಾರಿ ಅಲ್ಲ ಅಂತ ಬ್ಯಾಗ್ ಹೊತ್ತು ಬಂದ. ಊರು ಬಾಯಿಗೆ ಬಂದಂತೆ ಮಾತಾಡಿತು. ಏನೋ ತಪ್ಪು ಮಾಡಿರಬೇಕು, ಓಡಿಸಿರಬೇಕು ಅಂತೆಲ್ಲ. ಅವನ ತಾಯಿ ಎರಡು ಭಾನುವಾರ ಪೂಜೆಗೇ ಬರಲಿಲ್ಲ. ಹೋಗುವಾಗ ಹಾರ ಹಾಕಿ ಮೆರವಣಿಗೆ ಮಾಡಿದ್ದು ನಾವೇ. ಆ ಹಾರವೇ ಅವನಿಗೆ ಭಾರವಾಗಿತ್ತು. ಆಮೇಲೆ ನಾನು ಹಾರ, ಮೆರವಣಿಗೆ ಎರಡನ್ನೂ ನಿಲ್ಲಿಸಿಬಿಟ್ಟೆ.

ಫಾದರ್ ಹತ್ತಿರ ಹೋಗಿ, "ಮುಂದಿನ ಭಾನುವಾರ ಮೊದಲನೇ ವಾಚನ ಅವನಿಗೇ ಕೊಡಿ" ಅಂದೆ. ಅವರು ಒಂದು ಗಳಿಗೆ ಯೋಚಿಸಿ ಒಪ್ಪಿದರು. ಅವನ ಧ್ವನಿ ಮೊದಲ ಸಾಲಿಗೆ ನಡುಗಿತು, ಆಮೇಲೆ ಸರಿಹೋಯ್ತು. ತಾಯಿ ಹಿಂದಿನ ಸಾಲಲ್ಲಿ ಸೆರಗು ಹೊದ್ದು ಕೂತಿದ್ದಳು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಹಿರಿಯರೊಬ್ಬರು ಅವನ ಬೆನ್ನು ತಟ್ಟಿ, "ಚೆನ್ನಾಗಿ ಓದಿದೆ ಕಣಪ್ಪ. ಸ್ವಲ್ಪ ಜೋರಾಗಿ ಓದು, ನಮಗೆ ಕಿವಿ ಕೇಳಲ್ಲ" ಅಂದರು.

ಈಗ ಮೊದಲ ಶುಕ್ರವಾರದ ಮಕ್ಕಳ ಪಟ್ಟಿ ಬರೆಯೋದು ಅವನೇ. ಮೇಣದಬತ್ತಿ ಆರದ ಹಾಗೆ ಗಾಜಿನ ಚಿಮಣಿಯೊಂದನ್ನೂ ತಂದಿಟ್ಟಿದ್ದಾನೆ.