ಕರ್ನಾಟಕ, ಬವೇರಿಯಾ: ಬೆಳವಣಿಗೆ ದರ ಹೋಲಿಸುವ ಮುನ್ನ ನಾನು ಮಾಡುವ ಲೆಕ್ಕ

ಕರ್ನಾಟಕ ವರ್ಷಕ್ಕೆ ಇಷ್ಟು ಬೆಳೆಯಿತು, ಜರ್ಮನಿಯ ಬವೇರಿಯಾ ಇಷ್ಟೇ ಬೆಳೆಯಿತು ಎಂದು ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆಯಲು ಐದು ನಿಮಿಷ ಸಾಕು. ಆ ಎರಡೂ ಒಂದೇ ಸಂಗತಿಯನ್ನು ಅಳೆದಿವೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಎರಡು ಮೂರು ದಿನ ಹಿಡಿಯುತ್ತದೆ. ಭಾರತದ ರಾಜ್ಯಗಳನ್ನೂ ಜರ್ಮನಿಯ ರಾಜ್ಯಗಳನ್ನೂ ಹೋಲಿಸುವಾಗ ನನ್ನ ಶ್ರಮದ ಬಹುಪಾಲು ಹೋಗುವುದು ಈ ಎರಡನೆಯ ಕೆಲಸಕ್ಕೆ.

ಭಾರತದ ಕಡೆ ನಾನು ತೆಗೆದುಕೊಳ್ಳುವುದು ಕೇಂದ್ರ ಸಾಂಖ್ಯಿಕ ಸಚಿವಾಲಯದ ರಾಜ್ಯವಾರು ಪಟ್ಟಿ, 2011-12 ಆಧಾರ ವರ್ಷದ ಸರಣಿ. ರಿಸರ್ವ್ ಬ್ಯಾಂಕಿನ ರಾಜ್ಯಗಳ ಅಂಕಿಅಂಶ ಕೈಪಿಡಿಯಲ್ಲೂ ಇದೇ ಅಂಕಿಗಳು ಸಿಗುತ್ತವೆ. ಜರ್ಮನಿಯ ಕಡೆ, ರಾಜ್ಯಗಳ ಸಾಂಖ್ಯಿಕ ಕಚೇರಿಗಳು ಸೇರಿ ಪ್ರಕಟಿಸುವ ರಾಜ್ಯವಾರು ಲೆಕ್ಕ. ಯುರೋಪಿನ ಬೇರೆ ಪ್ರದೇಶಗಳೂ ಬೇಕಾದರೆ ಯುರೋಪಿಯನ್ ಒಕ್ಕೂಟದ ಸಾಂಖ್ಯಿಕ ಕಚೇರಿ ಯೂರೋಸ್ಟಾಟ್. ಆದರೆ ಅಲ್ಲಿ ಪ್ರಾದೇಶಿಕ ಜಿಡಿಪಿ ಬಹುಪಾಲು ಚಾಲ್ತಿ ಬೆಲೆಯಲ್ಲೇ, ಅಂದರೆ ಆಯಾ ವರ್ಷದ ಬೆಲೆಯಲ್ಲೇ, ಇರುತ್ತದೆ. ಬೆಲೆ ಏರಿಕೆ ಕಳೆದ ನೈಜ ಬೆಳವಣಿಗೆಗೆ ಪ್ರಾದೇಶಿಕ ಜಿವಿಎ (ಒಟ್ಟು ಮೌಲ್ಯವರ್ಧನೆ, ಅಂದರೆ ಉತ್ಪಾದನೆಯ ಮೌಲ್ಯದಲ್ಲಿ ಬಳಸಿದ ಸಾಮಗ್ರಿ, ಸೇವೆ ಕಳೆದು ಉಳಿದದ್ದು) ಕುರಿತ ಬೇರೆಯದೇ ಪಟ್ಟಿ ಇದೆ, ಅದನ್ನೇ ಇಳಿಸಿಕೊಳ್ಳಬೇಕು.

ಜಿಡಿಪಿ ಬೇಕೋ ಜಿವಿಎ ಬೇಕೋ ಎಂದು ಕೇಳಿದರೆ, ಹೋಲಿಕೆಗೆ ಜಿವಿಎ ಎನ್ನುತ್ತೇನೆ. ಜಿವಿಎಗೆ ಸರಕುಗಳ ಮೇಲಿನ ತೆರಿಗೆ ಕೂಡಿಸಿ ಸಬ್ಸಿಡಿ ಕಳೆದರೆ ಜಿಡಿಪಿ. ಯುರೋಪಿನಲ್ಲಿ ಈ ನಿವ್ವಳ ತೆರಿಗೆಯನ್ನು ಪ್ರದೇಶಗಳಿಗೆ ಅವುಗಳ ಜಿವಿಎ ಪಾಲಿಗೆ ತಕ್ಕಂತೆ ಹಂಚುತ್ತಾರೆ. ನಮ್ಮಲ್ಲಿ 2017ರ ಜಿಎಸ್‌ಟಿ ಬಂದ ಮೇಲೆ ತೆರಿಗೆಯ ರಚನೆಯೇ ಬದಲಾಯಿತು. ಉತ್ಪಾದನೆಗೆ ಸಂಬಂಧವಿಲ್ಲದ ಈ ಏರಿಳಿತವನ್ನು ಹೋಲಿಕೆಯೊಳಗೆ ಬಿಟ್ಟುಕೊಳ್ಳುವುದೇಕೆ? ಈ ತೆರಿಗೆ ಸೇರದ ಮೂಲ ಬೆಲೆಯ ಜಿವಿಎ ಎರಡೂ ಕಡೆ ಸಿಗುತ್ತದೆ.

ಅತಿ ಹೆಚ್ಚು ಜನ ಎಡವುವುದು ಡಾಲರ್‌ನಲ್ಲಿ. ಎರಡನ್ನೂ ಡಾಲರ್‌ಗೆ ಬದಲಿಸಿ ಬೆಳವಣಿಗೆ ತೆಗೆದರೆ ರೂಪಾಯಿ, ಯೂರೋಗಳ ವಿನಿಮಯ ದರದ ಏರಿಳಿತವೆಲ್ಲ ಉತ್ಪಾದನೆಯ ಏರಿಳಿತದಂತೆ ಕಾಣುತ್ತದೆ. ಬೆಳವಣಿಗೆ ದರಕ್ಕೆ ಹಣದ ಪರಿವರ್ತನೆಯೇ ಬೇಡ. ಅವರವರ ಹಣದಲ್ಲಿ, ಬೆಲೆ ಏರಿಕೆ ಕಳೆದ ಸ್ಥಿರ ಬೆಲೆಯಲ್ಲಿ ದರ ತೆಗೆಯಿರಿ. ಎರಡು ದೇಶಗಳ ಬೆಲೆ ಮಟ್ಟವನ್ನು ಸರಿದೂಗಿಸುವ ಕೊಳ್ಳುವ ಶಕ್ತಿಯ ಪರಿವರ್ತನೆ ಬೇಕಾಗುವುದು ಯಾರ ತಲಾ ಆದಾಯ ಎಷ್ಟು ಎಂದು ಮಟ್ಟ ಹೋಲಿಸುವಾಗ ಮಾತ್ರ. ಅಲ್ಲಿಯೂ ಬಳಸುವುದು ಇಡೀ ದೇಶದ ಒಂದೇ ದರವನ್ನು. ಬೆಂಗಳೂರಿನ ಮನೆ ಬಾಡಿಗೆಗೂ ಯಾದಗಿರಿಯದಕ್ಕೂ ಇರುವ ಅಂತರ ಅದರಲ್ಲಿ ಮೂಡುವುದಿಲ್ಲ.

ಸ್ಥಿರ ಬೆಲೆ ಎಂಬ ಮಾತಿಗೂ ಎರಡು ಕಡೆ ಎರಡು ಅರ್ಥ. ನಮ್ಮ ಸರಣಿಯಲ್ಲಿ 2011-12ರ ಬೆಲೆಗಳೇ ಎಲ್ಲ ವರ್ಷಗಳಿಗೂ ತೂಕ. ಜರ್ಮನಿಯದು ಸರಪಳಿ ಸೂಚ್ಯಂಕ: ಪ್ರತಿ ವರ್ಷವನ್ನೂ ಅದರ ಹಿಂದಿನ ವರ್ಷದ ಬೆಲೆಯಲ್ಲಿ ಅಳೆದು ಕೊಂಡಿಯಂತೆ ಜೋಡಿಸಿರುತ್ತಾರೆ. ಬೆಲೆ ಇಳಿಯುತ್ತ ಪ್ರಮಾಣ ಏರುತ್ತಿರುವ ಸರಕುಗಳಿಗೆ, ಎಲೆಕ್ಟ್ರಾನಿಕ್ಸ್‌ನಂಥವಕ್ಕೆ, ಹಳೆಯ ದುಬಾರಿ ಬೆಲೆಯ ತೂಕವೇ ಮುಂದುವರಿದರೆ ಆಧಾರ ವರ್ಷದಿಂದ ದೂರ ಸರಿದಷ್ಟೂ ಬೆಳವಣಿಗೆ ಉಬ್ಬಿ ಕಾಣುತ್ತದೆ. ಸರಪಳಿ ಸೂಚ್ಯಂಕದಲ್ಲಿ ಬೇರೊಂದು ತೊಡಕು: ಅದರ ಅಂಕಿಗಳನ್ನು ಕೂಡಿಸುವಂತಿಲ್ಲ. ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್ ಸೇರಿಸಿ ದಕ್ಷಿಣ ಜರ್ಮನಿ ಎಂದು ಒಂದು ಗುಂಪು ಮಾಡಬೇಕಾದರೆ, ಎರಡರ ವಾರ್ಷಿಕ ಬೆಳವಣಿಗೆಗೆ ಹಿಂದಿನ ವರ್ಷದ ಚಾಲ್ತಿ ಬೆಲೆಯ ಪಾಲನ್ನು ತೂಕವಾಗಿ ಕೊಟ್ಟು ಸರಾಸರಿ ತೆಗೆಯಬೇಕು. ಸೂಚ್ಯಂಕವನ್ನೇ ಕೂಡಿಸಿದರೆ ತಪ್ಪು ಉತ್ತರ ಬರುತ್ತದೆ, ಅದು ತಪ್ಪು ಎಂದು ಗೊತ್ತೂ ಆಗುವುದಿಲ್ಲ.

ಚಾಲ್ತಿ ಬೆಲೆಯ ಅಂಕಿಯನ್ನು ಸ್ಥಿರ ಬೆಲೆಯದರಿಂದ ಭಾಗಿಸಿದರೆ ಒಳಗೆ ಅಡಗಿರುವ ಬೆಲೆ ಸೂಚ್ಯಂಕ ಹೊರಬರುತ್ತದೆ. ಪ್ರತಿ ವರ್ಷಕ್ಕೂ ಇದನ್ನು ತೆಗೆದು ಗ್ರಾಹಕ ಬೆಲೆ ಸೂಚ್ಯಂಕದ ಪಕ್ಕದಲ್ಲಿ ಇಡಿ. ಎರಡೂ ತೀರಾ ಬೇರೆಯಾಗಿರುವ ವರ್ಷವನ್ನು ಕೆಂಪು ಬಣ್ಣದಲ್ಲಿ ಗುರುತಿಸಿ. ಭಾರತದ ಸರಣಿಯಲ್ಲಿ 2015-16 ಅಂಥದ್ದು. ಕಚ್ಚಾ ತೈಲದ ಬೆಲೆ ಕುಸಿದು ಸಗಟು ಬೆಲೆ ಸೂಚ್ಯಂಕದ ಏರಿಕೆ ದರ ಸೊನ್ನೆಗಿಂತ ಕೆಳಗಿತ್ತು. ಈ ಸರಣಿಯಲ್ಲಿ ತಯಾರಿಕಾ ವಲಯದ ಕಚ್ಚಾ ಸಾಮಗ್ರಿಗೆ ಬೇರೆ, ಉತ್ಪನ್ನಕ್ಕೆ ಬೇರೆ ಸೂಚ್ಯಂಕ ಬಳಸದೆ ಒಂದೇ ಸಗಟು ಸೂಚ್ಯಂಕದಿಂದ ಭಾಗಿಸುವುದರಿಂದ, ಅಗ್ಗದ ತೈಲದ ಲಾಭವೂ ನೈಜ ಬೆಳವಣಿಗೆಯ ಹೆಸರಿನಲ್ಲಿ ಸೇರಿಕೊಳ್ಳುತ್ತದೆ.

ಇನ್ನು ವರ್ಷ. ನಮ್ಮದು ಏಪ್ರಿಲ್‌ನಿಂದ ಮಾರ್ಚ್, ಅವರದು ಜನವರಿಯಿಂದ ಡಿಸೆಂಬರ್. 2019ರ ಕ್ಯಾಲೆಂಡರ್ ವರ್ಷ ಬೇಕಾದರೆ 2018-19ರ ಕಾಲು ಭಾಗಕ್ಕೆ 2019-20ರ ಮುಕ್ಕಾಲು ಭಾಗ ಕೂಡಿಸುತ್ತೇನೆ. ಮೊದಲನೆಯದು 100, ಎರಡನೆಯದು 108 ಇದ್ದರೆ 25 + 81 = 106. ಕೂಡಿಸಬೇಕಾದದ್ದು ಮೊತ್ತಗಳನ್ನು, ದರಗಳನ್ನಲ್ಲ. ಹಿಂಗಾರಿ ಸುಗ್ಗಿಯೂ ಬರುವ ಜನವರಿ-ಮಾರ್ಚ್ ತ್ರೈಮಾಸಿಕ ನಿಜಕ್ಕೂ ಕಾಲು ಭಾಗಕ್ಕಿಂತ ತುಸು ದೊಡ್ಡದು. ರಾಜ್ಯಗಳಿಗೆ ತ್ರೈಮಾಸಿಕ ಅಂಕಿ ಇಲ್ಲದ್ದರಿಂದ ಇಷ್ಟಕ್ಕೆ ಒಪ್ಪಿಕೊಳ್ಳಬೇಕು. ಸಾಧಾರಣ ವರ್ಷಗಳಲ್ಲಿ ಇದರಿಂದ ಹೆಚ್ಚೇನೂ ಕೆಡುವುದಿಲ್ಲ. ಕೆಡುವುದು 2020ರಲ್ಲಿ. ಮಾರ್ಚ್ ಕೊನೆಯ ವಾರದಲ್ಲಿ ಲಾಕ್‌ಡೌನ್ ಬಂದದ್ದರಿಂದ ನಮ್ಮ ಕುಸಿತ ಹೆಚ್ಚುಕಡಿಮೆ ಪೂರ್ತಿ 2020-21ರಲ್ಲೇ ಬಿತ್ತು, ಕಾಲು-ಮುಕ್ಕಾಲಿನ ಸೂತ್ರ ಅದನ್ನು ಎರಡು ಕ್ಯಾಲೆಂಡರ್ ವರ್ಷಗಳಿಗೆ ಹರಡಿಬಿಡುತ್ತದೆ. ಆ ಎರಡು ವರ್ಷಗಳ ವಾರ್ಷಿಕ ದರವನ್ನು ನಾನು ಬಿಡಿಬಿಡಿಯಾಗಿ ಹೋಲಿಸುವುದೇ ಇಲ್ಲ. ಹೆಸರಿನ ಗೊಂದಲವೂ ಇದೆ: 2020-21 ಅನ್ನು ವಿಶ್ವಬ್ಯಾಂಕ್ 2020 ಎಂದು ಬರೆದರೆ, ನಮ್ಮ ಸರ್ಕಾರಿ ಟಿಪ್ಪಣಿಗಳಲ್ಲಿ ಅದು ‘ಎಫ್‌ವೈ 21’.

2011-12ಕ್ಕಿಂತ ಹಿಂದಕ್ಕೆ ಹೋಗಬೇಕಾದರೆ 2004-05ರ ಸರಣಿಯನ್ನು ಜೋಡಿಸಬೇಕು. ಹಳೆಯದರ ಮುಖ್ಯ ಅಂಕಿ ಪರೋಕ್ಷ ತೆರಿಗೆ ಸೇರದ ಉತ್ಪಾದನಾಂಗ ವೆಚ್ಚದ ಲೆಕ್ಕದಲ್ಲಿತ್ತು, ಹೊಸದರದ್ದು ಮಾರುಕಟ್ಟೆ ಬೆಲೆಯಲ್ಲಿ. ಆದ್ದರಿಂದ 2011-12ರ ಹೊಸ ಅಂಕಿಯಿಂದ ಹಳೆಯ ಸರಣಿಯ ವಾರ್ಷಿಕ ದರಗಳನ್ನು ಹಿಡಿದು ಹಿಂದಕ್ಕೆ ಇಳಿಯುತ್ತೇನೆ, ಮೊತ್ತಕ್ಕೆ ಮೊತ್ತ ಅಂಟಿಸುವುದಿಲ್ಲ. ದಕ್ಷಿಣದ ಎಲ್ಲ ರಾಜ್ಯಗಳನ್ನೂ ಸೇರಿಸುವುದಿದ್ದರೆ, 2014ರ ಜೂನ್ 2ರಂದು ಬೇರೆಯಾದ ತೆಲಂಗಾಣ ಮತ್ತು ಆಂಧ್ರವನ್ನು ದೀರ್ಘ ಸರಣಿಯಲ್ಲಿ ಒಂದಾಗಿಯೇ ಇಡುವುದು ಒಳ್ಳೆಯದು.

ತಲಾ ಲೆಕ್ಕಕ್ಕೆ ಬಂದರೆ ಛೇದದ ಕಡೆಯೂ ಕಣ್ಣಿರಲಿ. ಕರ್ನಾಟಕದಲ್ಲಿ 2011ರ ಜನಗಣತಿಯ 6.11 ಕೋಟಿಯ ನಂತರ ಬಳಸುವುದೆಲ್ಲ ಮುನ್ನಂದಾಜು. ಜರ್ಮನಿಯಲ್ಲಿ ನೋಂದಣಿ ಆಧಾರದ ವಾರ್ಷಿಕ ಅಂಕಿ ಇದ್ದರೂ, 2011ರ ಗಣತಿ ಇಡೀ ದೇಶದಲ್ಲಿ ಅದಕ್ಕಿಂತ ಸುಮಾರು 15 ಲಕ್ಷ ಕಡಿಮೆ ಜನರನ್ನು ಕಂಡಿತು, 2022ರದ್ದು ಸುಮಾರು 14 ಲಕ್ಷ ಕಡಿಮೆ. ಹಿಂದಿನ ವರ್ಷಗಳನ್ನು ತಿದ್ದದ ಸರಣಿ ಕೈಗೆ ಬಂದರೆ ಗಣತಿಯ ವರ್ಷದಲ್ಲಿ ತಲಾ ಉತ್ಪನ್ನ ಕಾರಣವಿಲ್ಲದೆ ಜಿಗಿಯುತ್ತದೆ.

ಗಾತ್ರದ ಹೊಂದಿಕೆ ನನಗೆ ಎಲ್ಲಕ್ಕಿಂತ ಮುಖ್ಯ ಎನ್ನಿಸುತ್ತದೆ. ಬವೇರಿಯಾದ ಜನಸಂಖ್ಯೆ ಸುಮಾರು 1.3 ಕೋಟಿ. ಯೂರೋಸ್ಟಾಟ್ ವರ್ಗೀಕರಣದ ಎರಡನೆಯ ಹಂತದ (ನಟ್ಸ್-2) ಪ್ರದೇಶಗಳಿಗೆ ನಿಗದಿಯಾದ ಗಾತ್ರ 8 ಲಕ್ಷದಿಂದ 30 ಲಕ್ಷ, ಅಂದರೆ ನಮ್ಮ ಒಂದು ಜಿಲ್ಲೆಯಷ್ಟು. ಪ್ರದೇಶ ಚಿಕ್ಕದಾದಷ್ಟೂ ಒಂದೇ ಕಾರ್ಖಾನೆ ಅಥವಾ ಒಂದು ಕಂಪನಿಯ ಲೆಕ್ಕಪತ್ರ ಇಡೀ ದರವನ್ನು ಅಲುಗಾಡಿಸುತ್ತದೆ. 2015ರಲ್ಲಿ ಬಹುರಾಷ್ಟ್ರೀಯ ಕಂಪನಿಗಳ ಬೌದ್ಧಿಕ ಆಸ್ತಿ ಐರ್ಲೆಂಡಿಗೆ ವರ್ಗವಾದಾಗ ಆ ದೇಶದ ಜಿಡಿಪಿ ಬೆಳವಣಿಗೆ 2016ರ ಜುಲೈನ ಪರಿಷ್ಕೃತ ಅಂದಾಜಿನಲ್ಲಿ ಶೇ 26 ದಾಟಿತ್ತು, ಇನ್ನು ಅದರ ಪ್ರದೇಶಗಳ ಮಾತೇನು! ಐರಿಷ್ ಪ್ರದೇಶಗಳನ್ನು ಸರಾಸರಿಯಿಂದ ಹೊರಗಿಟ್ಟು, ಹೊರಗಿಟ್ಟಿದ್ದೇನೆ ಎಂದು ಬರೆದುಬಿಡುತ್ತೇನೆ. ಬೆಂಗಳೂರು ನಗರ ಜಿಲ್ಲೆಯನ್ನು ಮ್ಯೂನಿಕ್ ಇರುವ ಮೇಲ್ ಬವೇರಿಯಾ ಜತೆಗಿಡಲು ಯಾರಿಗಾದರೂ ಆಸೆಯಾಗುತ್ತದೆ, ರಾಜ್ಯದ ಉತ್ಪನ್ನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆ ಒಂದೇ ಜಿಲ್ಲೆಯದು. ಆದರೆ ಜಿಲ್ಲಾ ಅಂಕಿಗಳ ಎಷ್ಟೋ ಪಾಲು ಅಲ್ಲೇ ಅಳೆದದ್ದಲ್ಲ, ರಾಜ್ಯದ ಮೊತ್ತವನ್ನು ಸೂಚಕಗಳ ಮೇಲೆ ಹಂಚಿದ್ದು. ರಾಜ್ಯದ ಮಟ್ಟದಲ್ಲೂ ರೈಲ್ವೆ, ಬ್ಯಾಂಕಿಂಗ್, ಕೇಂದ್ರ ಸರ್ಕಾರದ ಆಡಳಿತದಂಥವು ದೇಶದ ಮೊತ್ತದಿಂದ ಹಂಚಿಕೆಯಾಗಿ ಬಂದವೇ. ಹಂಚಿದ ಅಂಕಿಯಿಂದ ಎರಡು ಜಿಲ್ಲೆಗಳ ನಡುವಿನ ಅರ್ಧ ಶೇಕಡಾ ಅಂತರಕ್ಕೆ ಅರ್ಥ ಹುಡುಕಬಾರದು.

ಇಷ್ಟಾದ ಮೇಲೆ ದರ. ವಾರ್ಷಿಕ ದರಗಳ ಸಾದಾ ಸರಾಸರಿ ಬೇಡ. ಒಂದು ವರ್ಷ ಶೇ 10 ಏರಿ ಮರುವರ್ಷ ಶೇ 10 ಇಳಿದರೆ ಸರಾಸರಿ ಸೊನ್ನೆ, ಕೈಯಲ್ಲಿ ಉಳಿದದ್ದು 99. ಚಕ್ರಬಡ್ಡಿ ದರ ಇದಕ್ಕಿಂತ ವಾಸಿ, ಆದರೆ ಅದಕ್ಕೆ ಮೊದಲ ಮತ್ತು ಕೊನೆಯ ವರ್ಷ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಸರಣಿ 100, 94, 99, 103 ಎಂದಿರಲಿ. ಮೊದಲ ವರ್ಷದಿಂದ ಎಣಿಸಿದರೆ ವಾರ್ಷಿಕ ಶೇ 1, ಕುಸಿದ ವರ್ಷದಿಂದ ಎಣಿಸಿದರೆ ಶೇ 4.7. ಹಾಗಾಗಿ ಎಲ್ಲ ವರ್ಷಗಳ ಸಹಜ ಲಾಗರಿದಮ್ ತೆಗೆದು ಸರಳ ರೇಖೆ ಹಾಯಿಸಿ, ಅದರ ಇಳಿಜಾರನ್ನು ದರವಾಗಿ ಬಳಸುತ್ತೇನೆ. ಆಮೇಲೆ ಆರಂಭದ ವರ್ಷವನ್ನು ಒಂದೊಂದೇ ವರ್ಷ ಹಿಂದೆ ಮುಂದೆ ಸರಿಸಿ ನೋಡುತ್ತೇನೆ. ಯಾರು ಮುಂದು ಎಂಬ ಉತ್ತರ ಅದರಿಂದ ಬದಲಾದರೆ, ‘ಅಂತರ ಸ್ಪಷ್ಟವಿಲ್ಲ’ ಎಂದೇ ವರದಿಯಲ್ಲಿ ಹಾಕುತ್ತೇನೆ.

ದರ ಸಿಕ್ಕ ಮೇಲೆ ಅದು ಏನು ಹೇಳುತ್ತದೆ ಎಂಬುದನ್ನು ಮೊತ್ತದಲ್ಲೂ ತೋರಿಸುತ್ತೇನೆ. ಲೆಕ್ಕ ತಿಳಿಯಲೆಂದು, ಒಂದು ಪ್ರದೇಶದ ತಲಾ ಉತ್ಪನ್ನ 100, ವಾರ್ಷಿಕ ಬೆಳವಣಿಗೆ ಶೇ 6 ಇರಲಿ. ಇನ್ನೊಂದರದ್ದು 600, ಬೆಳವಣಿಗೆ ಶೇ 1.5. ಮೊದಲ ವರ್ಷ ಒಬ್ಬರಿಗೆ 6 ಕೂಡುತ್ತದೆ, ಇನ್ನೊಬ್ಬರಿಗೆ 9. ನಾಲ್ಕು ಪಟ್ಟು ವೇಗದ ದರವಿದ್ದರೂ ಅಂತರ ಮೊದಲ 10 ವರ್ಷ ಹಿಗ್ಗುತ್ತಲೇ ಹೋಗುತ್ತದೆ, ಆಮೇಲಷ್ಟೇ ಕುಗ್ಗಲು ಶುರು. ಇಬ್ಬರೂ ಸಮವಾಗಲು ಸುಮಾರು 41 ವರ್ಷ ಬೇಕು, ಅದೂ ಎರಡೂ ದರಗಳು ಅಷ್ಟು ಕಾಲ ಹಾಗೆಯೇ ಉಳಿದರೆ.