ಚಾವಣಿಗೆ ಎಷ್ಟು ಶೀಟ್ ಬೇಕು? ಚದರಡಿ ಬಿಡಿ, ಸಾಲು ಎಣಿಸಿ

ತಾರಸಿ ಸೋರುತ್ತದೆ, ಬಟ್ಟೆ-ಅಡಿಕೆ ಒಣಗಿಸಲು ಜಾಗ ಬೇಕು ಅಂತ ಮನೆ ಮೇಲೆ ಶೀಟ್ ಹಾಕಿಸುವವರು ಈಗ ಬೇಕಾದಷ್ಟು ಜನ. ‘ಆರು ಚದರ ಇದೆ, ಎಷ್ಟು ಶೀಟ್ ಆಗುತ್ತೆ?’ ಅಂತ ಅಂಗಡಿಯಲ್ಲಿ ಕೇಳುತ್ತಾರೆ. ಆರು ಚದರ ಅಂದರೆ 600 ಚದರಡಿ. 12 ಅಡಿ ಉದ್ದ, ಮೂರೂವರೆ ಅಡಿ ಅಗಲದ ಶೀಟ್ 42 ಚದರಡಿ. ಭಾಗಿಸಿದರೆ 15 ಶೀಟ್. ಲೆಕ್ಕ ಸರಿಯಾಗೇ ಇದೆ, ಆದರೆ ಕೆಲಸದ ದಿನ ಐದು ಶೀಟ್ ಕಡಿಮೆ ಬೀಳುತ್ತದೆ. ಅದು ಹೇಗೆ ಅಂತ ಒಂದು ಉದಾಹರಣೆ ಹಿಡಿದು ನೋಡೋಣ.

ತಾರಸಿ 30 ಅಡಿ ಉದ್ದ, 20 ಅಡಿ ಅಗಲ. ನಡುವೆ ನೆತ್ತಿ, ಎರಡೂ ಕಡೆ ಇಳಿಜಾರು. ಬಣ್ಣದ ತಗಡಿನ ಶೀಟ್.

ಮೊದಲು ಇಳಿಜಾರಿನ ಉದ್ದ. ನೆತ್ತಿಯಿಂದ ಗೋಡೆಗೆ ನೆಲದ ಮೇಲೆ ಅಳೆದರೆ 10 ಅಡಿ. ಶೀಟ್ ಓರೆಯಾಗಿ ಬರುವುದರಿಂದ ಅಷ್ಟು ಸಾಲದು. ನೆತ್ತಿ ಎರಡೂವರೆ ಅಡಿ ಎತ್ತರ ಇದ್ದರೆ, 10ರ ವರ್ಗ 100, ಎರಡೂವರೆಯ ವರ್ಗ 6.25. ಕೂಡಿಸಿ ಮೊಬೈಲ್‌ನಲ್ಲಿ ವರ್ಗಮೂಲ ತೆಗೆದರೆ 10.3 ಅಡಿ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಇಲ್ಲಿ ಕೆಲಸಕ್ಕೆ ಬರುತ್ತಾನೆ! ಸೂರು ಗೋಡೆಯಿಂದ ಒಂದೂವರೆ ಅಡಿ ಮುಂದೆ ಬರಬೇಕು. ಇಲ್ಲವಾದರೆ ಮಳೆನೀರೆಲ್ಲ ಗೋಡೆಗೇ ಬಡಿಯುತ್ತದೆ. ಆ ಭಾಗವೂ ಓರೆಯೇ ಆದ್ದರಿಂದ, ಅದೂ ಸೇರಿದರೆ ಸುಮಾರು 11.9 ಅಡಿ. ಅಂದರೆ 12 ಅಡಿಯ ಶೀಟ್. ಮಲೆನಾಡಿನ ಕಡೆ ಇಳಿಜಾರು ಇನ್ನೂ ಜಾಸ್ತಿ ಇಡುತ್ತಾರೆ. ನೆತ್ತಿ ಐದು ಅಡಿಗೆ ಏರಿದರೆ ಇದೇ ಲೆಕ್ಕ 13 ಅಡಿಗೆ ಹೋಗುತ್ತದೆ.

ಇನ್ನು ಅಗಲ. ಜನ ಎಡವುವುದು ಇಲ್ಲೇ. ಮೂರೂವರೆ ಅಡಿ ಶೀಟ್ ಅಷ್ಟೂ ಅಗಲ ಮುಚ್ಚುವುದಿಲ್ಲ. ಒಂದರ ಅಂಚಿನ ಏಣು, ಅಂದರೆ ಉದ್ದಕ್ಕೂ ಇರುವ ಉಬ್ಬು, ಪಕ್ಕದ್ದರ ಏಣಿನ ಮೇಲೆ ಕೂರಬೇಕು. ಹಾಗೆ ಕೂತ ಮೇಲೆ ಒಂದು ಶೀಟ್ ಮುಚ್ಚುವುದು ಹೆಚ್ಚುಕಡಿಮೆ ಒಂದು ಮೀಟರ್, ಅಂದರೆ 3.28 ಅಡಿ. ಕಂಪನಿಯಿಂದ ಕಂಪನಿಗೆ ಇದು ಸ್ವಲ್ಪ ಬದಲಾಗುತ್ತದೆ. ಹಾಗಾಗಿ ‘ಕವರಿಂಗ್ ಅಗಲ ಎಷ್ಟು?’ ಅಂತಲೇ ಕೇಳಿ. ನಮ್ಮ 30 ಅಡಿಗೆ ಎರಡೂ ತುದಿಯಲ್ಲಿ ಒಂದೊಂದು ಅಡಿ ಹೊರಚಾಚು ಸೇರಿಸಿದರೆ 32. ಅದನ್ನು 3.28ರಿಂದ ಭಾಗಿಸಿದರೆ 9.76. ಮುಕ್ಕಾಲು ಶೀಟ್ ಯಾರೂ ಕೊಡುವುದಿಲ್ಲ ಅಲ್ವಾ, ಹಾಗಾಗಿ ಹತ್ತು. ಎರಡು ಕಡೆಗೆ 20 ಶೀಟ್.

ಬಿಲ್‌ನಲ್ಲಿ 840 ಚದರಡಿ ಕಂಡರೆ ಗಾಬರಿ ಬೀಳಬೇಡಿ. ಇಪ್ಪತ್ತು ಶೀಟ್, ಒಂದೊಂದು 42 ಚದರಡಿ, ಅಷ್ಟೇ. ಒಂದರ ಮೇಲೊಂದು ಕೂರುವ ಭಾಗಕ್ಕೂ ದುಡ್ಡು ಕೊಡಲೇಬೇಕು. ಕೆಲವರು ದರ ಹೇಳುವುದು ಉದ್ದದ ಅಡಿಗೆ, ಕೆಲವರು ಚದರಡಿಗೆ. ಎರಡು ಅಂಗಡಿಯ ದರ ಹೋಲಿಸುವ ಮೊದಲು ಅದನ್ನೂ, ಶೀಟಿನ ದಪ್ಪವನ್ನೂ ಕೇಳಿಕೊಳ್ಳಿ.

ತಗಡಿನ ಶೀಟನ್ನು ಬೇಕಾದ ಉದ್ದಕ್ಕೆ ಕತ್ತರಿಸಿ ಕೊಡುತ್ತಾರೆ. ಸಿಮೆಂಟ್ ಶೀಟ್ ಹಾಗಲ್ಲ. ಅದು ಸಿದ್ಧ ಅಳತೆಯದು, ಸಾಮಾನ್ಯವಾಗಿ 3 ಮೀಟರ್‌ಗಿಂತ ಉದ್ದ ಇರುವುದಿಲ್ಲ. ಹಾಗಾಗಿ 12 ಅಡಿಗೆ ಮೇಲೊಂದು ಕೆಳಗೊಂದು ಬೇಕು, ನಡುವೆ ಕನಿಷ್ಠ ಅರ್ಧ ಅಡಿ ಮೇಲುಹೊದಿಕೆ. 2 ಮೀಟರಿನ ಶೀಟ್ ಹಿಡಿದರೆ ಒಟ್ಟು 40 ಆಗುತ್ತದೆ.

ನೆತ್ತಿಯ ಮುಚ್ಚಿಗೆ ಅಂದರೆ ರಿಡ್ಜ್ ಕ್ಯಾಪ್‌ನಲ್ಲೂ ಇದೇ ಕಥೆ. 32 ಅಡಿ ನೆತ್ತಿಗೆ 8 ಅಡಿಯದು ನಾಲ್ಕು ಸಾಕು ಅನ್ನಿಸುತ್ತದೆ. ಪ್ರತಿ ಜೋಡಣೆಗೂ ಅರ್ಧ ಅಡಿ ಹೋಗುವುದರಿಂದ ನಾಲ್ಕು ಮುಚ್ಚುವುದು ಮೂವತ್ತೂವರೆ ಅಡಿ ಮಾತ್ರ. ಐದು ತನ್ನಿ. ಸ್ಕ್ರೂ ಲೆಕ್ಕ ಪರ್ಲಿನ್, ಅಂದರೆ ಶೀಟ್ ಕೂರುವ ಅಡ್ಡಪಟ್ಟಿಗಳ ಮೇಲೆ ನಿಂತಿದೆ. ಶೀಟಿನ ಅಡಿಯಲ್ಲಿ ನಾಲ್ಕು ಪರ್ಲಿನ್, ಪ್ರತಿಯೊಂದಕ್ಕೆ ನಾಲ್ಕು ಸ್ಕ್ರೂ ಅಂದರೆ ಶೀಟಿಗೆ 16, ಒಟ್ಟು 320. ಪಕ್ಕದ ಜೋಡಣೆಗೂ ರಿಡ್ಜ್ ಕ್ಯಾಪ್‌ಗೂ ಸೇರಿಸಿ 400 ತಂದರೆ ನಿರಾಳ. ರಬ್ಬರ್ ವಾಷರ್ ಇಲ್ಲದ್ದನ್ನು ಮಾತ್ರ ಬೇಡ ಅನ್ನಿ.

ಬೆಳಕಿಗೆ ಒಂದೆರಡು ಪಾರದರ್ಶಕ ಶೀಟ್ ಹಾಕುವುದಿದ್ದರೆ ಅಷ್ಟನ್ನು 20ರಲ್ಲಿ ಕಳೆಯಿರಿ. ಅದರ ಏಣು-ತಗ್ಗು ತಗಡಿನ ಶೀಟಿಗೆ ಹೊಂದಬೇಕು, ಇಲ್ಲದಿದ್ದರೆ ಸೋರುವುದು ಅಲ್ಲೇ. ‘ವೇಸ್ಟೇಜ್ ಹತ್ತು ಪರ್ಸೆಂಟ್’ ಅಂತ ಸುಮ್ನೆ ಸೇರಿಸುವುದು ಇಂಥ ನೇರ ಚಾವಣಿಗೆ ಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಒಂದು ಶೀಟ್ ಹೆಚ್ಚುವರಿ ಇಟ್ಟುಕೊಳ್ಳಿ, ಅದೇ ಬಣ್ಣ ಮುಂದೆ ಸಿಗುವುದು ಕಷ್ಟ. ಎಲ್ ಆಕಾರದ ಮನೆಯಾದರೆ ಪ್ರತಿ ಇಳಿಜಾರನ್ನೂ ಕಾಗದದ ಮೇಲೆ ಬೇರೆ ಬೇರೆ ಬರೆದು ಸಾಲು ಎಣಿಸಿ. ಒಟ್ಟಾಗಿ ಲೆಕ್ಕ ಹಾಕಿದರೆ ಮೂಲೆಯಲ್ಲಿ ಕತ್ತರಿಸಿ ಹೋಗುವುದು ಕಾಣುವುದೇ ಇಲ್ಲ.

ಇಷ್ಟಾದರೂ ಇದು ಅಂದಾಜು. ವೆಲ್ಡಿಂಗ್‌ನವರು ಕಬ್ಬಿಣದ ಚೌಕಟ್ಟು ನಿಲ್ಲಿಸಿದ ಮೇಲೆ ಟೇಪ್ ಹಿಡಿದು ನೆತ್ತಿಯಿಂದ ಸೂರಿನವರೆಗೆ ಎರಡೂ ತುದಿಯಲ್ಲಿ ಅಳೆಯಿರಿ. ಆಮೇಲೆ ಒಂದೊಂದು ಇಳಿಜಾರಿನಲ್ಲೂ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯಿರಿ. ಎರಡು ಕರ್ಣಗಳು ಸಮ ಬರದಿದ್ದರೆ ಚೌಕಟ್ಟು ಸೊಟ್ಟಗಿದೆ ಅಂತ ಅರ್ಥ. ಶೀಟ್ ಹಾಕುತ್ತಾ ಹೋದಂತೆ ಸೂರಿನ ಗೆರೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಸರಿಪಡಿಸಿಕೊಂಡು ಆಮೇಲೆ ಆರ್ಡರ್ ಕೊಡಿ. ಶೀಟನ್ನು ಮೇಲಕ್ಕೆ ಸಾಗಿಸುವ ದಾರಿಯನ್ನೂ ಒಮ್ಮೆ ನೋಡಿ. ಇಕ್ಕಟ್ಟು ಗಲ್ಲಿಯಲ್ಲಿ 20 ಅಡಿ ಶೀಟ್ ತಿರುಗುವುದಿಲ್ಲ.

ಹಾಕಲು ಶುರುಮಾಡುವುದು ಮಳೆಗಾಳಿ ಬೀಸುವ ದಿಕ್ಕಿನ ಎದುರು ತುದಿಯಿಂದ. ನಮ್ಮಲ್ಲಿ ಮುಂಗಾರು ನೈಋತ್ಯದಿಂದ ಬರುವುದರಿಂದ, ಪೂರ್ವ-ಪಶ್ಚಿಮವಾಗಿ ಉದ್ದ ಇರುವ ಚಾವಣಿಗೆ ಪೂರ್ವದ ತುದಿಯಿಂದ ಹಾಕುತ್ತಾ ಬನ್ನಿ. ಆಗ ಜೋಡಣೆಯ ಬಾಯಿ ಗಾಳಿಗೆ ಬೆನ್ನು ಮಾಡುತ್ತದೆ. ಹತ್ತನೇ ಶೀಟಿನಲ್ಲಿ ಮುಕ್ಕಾಲು ಅಡಿಯಷ್ಟು ಉಳಿಯುತ್ತದಲ್ಲ, ಅದನ್ನು ಕತ್ತರಿಸಬೇಡಿ. ಒಂದು ಏಣು ಜಾಸ್ತಿ ಒಳಗೆ ಸೇರಿಸಿ ಹೊದಿಸಿ.